ದೇವಯ್ಯ, ಗಣಪತಿ ಮತ್ತು ಆಚೆ ಕಡೆಯ ಲೆಕ್ಕ: ಉರುಳಿಸಿದ ವಿಮಾನವನ್ನು ಖಾತ್ರಿ ಮಾಡಿಕೊಳ್ಳುವುದು ಹೇಗೆ?

ವಿದ್ಯಾ_ಕೋಥ್ರೂಡ್

ಎಲ್ಲರಿಗೂ ನಮಸ್ಕಾರ. ಈ ಸಲದ ರಾಜ್ಯೋತ್ಸವ ಸ್ಮರಣ ಸಂಚಿಕೆಗೆ ಕೊಡಗಿನ ಇಬ್ಬರು ಯುದ್ಧವಿಮಾನ ಪೈಲಟ್‌ಗಳ ಬಗ್ಗೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಒಬ್ಬರು 1965ರ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಇನ್ನೊಬ್ಬರು 1971ರಲ್ಲಿ ಪೂರ್ವ ಪಾಕಿಸ್ತಾನದ ಗಡಿಯಲ್ಲಿ ನಡೆದ ಬೋಯ್ರಾ ಕಾಳಗದ ಫ್ಲೈಟ್ ಲೆಫ್ಟಿನೆಂಟ್ ಎಂ.ಎ. ಗಣಪತಿ.

ಬರೆಯೋಕೆ ಕೂತರೆ ಲೆಕ್ಕವೇ ಕೂಡಿ ಬರುತ್ತಿಲ್ಲ. ಬೋಯ್ರಾದಲ್ಲಿ ನಮ್ಮವರು ಮೂರು ಸೇಬರ್ (ಪಾಕಿಸ್ತಾನದ ಜೆಟ್ ಫೈಟರ್) ಉರುಳಿಸಿದರು ಅಂತ ಒಂದು ಕಡೆ ಇದೆ, ಎರಡೇ ಅಂತ ಇನ್ನೊಂದು ಕಡೆ. ದೇವಯ್ಯ ಅವರದ್ದು ಇನ್ನೂ ವಿಚಿತ್ರ. ಅವರು ವಾಪಸ್ಸೇ ಬರಲಿಲ್ಲ. ಜೊತೆಗೆ ಹೋದವರು ಯಾರೂ ಆ ಕಾಳಗ ನೋಡಿಲ್ಲ. ಆದರೂ ಮಹಾವೀರ ಚಕ್ರ ಬಂದಿದೆ. ಅದೂ 23 ವರ್ಷ ಆದ ಮೇಲೆ! ಯಾರೂ ನೋಡದ ಗೆಲುವನ್ನು ಖಾತ್ರಿ ಮಾಡಿದ್ದು ಹೇಗೆ?

ಸುಮ್ನೆ ಅಂತರ್ಜಾಲದಿಂದ ಎತ್ತಿ ಹಾಕೋಕೆ ಮನಸ್ಸಿಲ್ಲ. ನಮ್ಮ ಸಂಚಿಕೆ ಓದುವವರಲ್ಲಿ ಅರ್ಧ ಜನ ವಾಯುಸೇನೆ, ಸೇನೆ, ಖಡಕ್‌ವಾಸ್ಲಾ ರಕ್ಷಣಾ ಅಕಾಡೆಮಿ ಕಡೆಯವರೇ. ತಪ್ಪು ಬರೆದರೆ ಕಾರ್ಯಕ್ರಮದ ಊಟದ ಸಾಲಿನಲ್ಲೇ ಹಿಡಿದು ಕೇಳುತ್ತಾರೆ. ತಿಳಿದವರು ದಾರಿ ತೋರಿಸಿ.

ಸೀರಿಯಲ್‌ನಂಬರ್_ಗಿರೀಶ

ವಿದ್ಯಾ ಅವರೇ, ಒಳ್ಳೆ ವಿಷಯ ಎತ್ತಿದ್ದೀರಿ. ಇದು ನನ್ನ ಹಳೇ ಹುಚ್ಚು, ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲನೇ ಮಾತು. ಪೈಲಟ್ ಏನು ಹೇಳಿದ ಅನ್ನುವುದರಿಂದ ಶುರು ಮಾಡಬೇಡಿ. ಎದುರಾಳಿ ಏನು ಕಳೆದುಕೊಂಡ ಅನ್ನುವುದರಿಂದ ಶುರು ಮಾಡಿ. ಪೈಲಟ್ ವಾಪಸ್ ಬಂದು "ನಾನೊಂದು ಉರುಳಿಸಿದೆ" ಅಂದರೆ ಅದು ಕ್ಲೇಮ್, ಅಷ್ಟೇ. ಆ ದಿನ, ಆ ಹೊತ್ತಿಗೆ, ಆ ಜಾಗದಲ್ಲಿ ಎದುರು ಪಕ್ಷದ ಒಂದು ವಿಮಾನ ನಿಜವಾಗಿ ಹೋಗಿದೆಯಾ? ಅದರ ಸೀರಿಯಲ್ ನಂಬರ್ ಯಾವುದು, ಪೈಲಟ್ ಯಾರು, ಅವನು ಏನಾದ? ಇದಕ್ಕೆ ಉತ್ತರ ಸಿಕ್ಕರೆ ಮಾತ್ರ ಖಾತ್ರಿ.

ಯಾಕೆ ಇಷ್ಟು ಕಟ್ಟುನಿಟ್ಟು ಅಂದರೆ, ಜಗತ್ತಿನ ಯಾವ ವಾಯುಸೇನೆಯ ಕ್ಲೇಮ್ ತೆಗೆದುಕೊಂಡರೂ ನಿಜಕ್ಕಿಂತ ಜಾಸ್ತಿಯೇ ಇರುತ್ತದೆ. 1940ರ ಸೆಪ್ಟೆಂಬರ್ 15ರಂದು ಬ್ರಿಟಿಷರು ಒಂದೇ ದಿನ 185 ಜರ್ಮನ್ ವಿಮಾನ ಉರುಳಿಸಿದ್ದೇವೆ ಎಂದು ಘೋಷಿಸಿದರು. ಯುದ್ಧ ಮುಗಿದ ಮೇಲೆ ಜರ್ಮನ್ನರ ಕಡತ ತೆಗೆದು ನೋಡಿದರೆ ನಷ್ಟ ಆದದ್ದು 60ರ ಆಸುಪಾಸು. ಮೂರು ಪಟ್ಟು ವ್ಯತ್ಯಾಸ. ಹಾಗಂತ ಪೈಲಟ್‌ಗಳು ಸುಳ್ಳು ಹೇಳಿದರು ಅಂತಲ್ಲ. ಒಂದೇ ವಿಮಾನಕ್ಕೆ ಮೂವರು ಬೇರೆ ಬೇರೆ ದಿಕ್ಕಿನಿಂದ ಗುಂಡು ಹೊಡೆದಿರುತ್ತಾರೆ. ಅದು ಬಿದ್ದರೆ ಮೂವರೂ ನನ್ನದು ಎನ್ನುತ್ತಾರೆ, ಮೂವರೂ ಪ್ರಾಮಾಣಿಕರೇ. ಜರ್ಮನ್ ಮೆಸರ್‌ಶ್ಮಿಟ್ 109 ಪೂರ್ತಿ ಶಕ್ತಿ ಹಾಕಿ ಕೆಳಕ್ಕೆ ಧುಮುಕಿದರೆ ಎಂಜಿನ್ನಿಂದ ಕಪ್ಪು ಹೊಗೆ ಬರುತ್ತಿತ್ತು. ನೋಡಿದವನು ಬೆಂಕಿ ಬಿತ್ತು ಅಂದುಕೊಳ್ಳುತ್ತಿದ್ದ. ಅದು ಮೋಡದ ಕೆಳಗೆ ನೆಟ್ಟಗಾಗಿ ಮನೆಗೆ ಹೋಗಿರುತ್ತಿತ್ತು.

ಇನ್ನೊಂದು ತಮಾಷೆ ಇದೆ. 1940ರಲ್ಲಿ ಬ್ರಿಟಿಷ್ ಪೈಲಟ್‌ಗಳು ಹೈಂಕೆಲ್ 113 ಎಂಬ ಫೈಟರ್ ಜೊತೆ ಕಾದಾಡಿದ್ದಾಗಿ ವರದಿ ಬರೆದಿದ್ದಾರೆ. ಅಂಥ ವಿಮಾನ ಯಾವ ಜರ್ಮನ್ ಸ್ಕ್ವಾಡ್ರನ್ನಿನಲ್ಲೂ ಇರಲಿಲ್ಲ. ಹೈಂಕೆಲ್ 100ಕ್ಕೆ ಬಣ್ಣ ಬದಲಿಸಿ ಫೋಟೊ ತೆಗೆಸಿ, ಪ್ರಚಾರಕ್ಕೆ ಬಿಟ್ಟಿದ್ದರು. ಫೋಟೊ ನೋಡಿದವರ ಕಣ್ಣಿಗೆ ಆಕಾಶದಲ್ಲೂ ಅದೇ ಕಂಡಿತು.

ಹಳೇ_ಫಿಟ್ಟರ್

ಗಿರೀಶ ಸರಿಯಾಗಿ ಹೇಳಿದಿರಿ. ನಾನು 71ರ ಯುದ್ಧ ಮುಗಿದ ಮೇಲೆ ಸೇರಿದವ. ಅಜೀತ್ ವಿಮಾನಗಳ ಮೇಲೆ ಕೆಲಸ ಮಾಡಿದ್ದೇನೆ. ಅದೇ ನಮ್ಮ ಪುಟ್ಟ ಫೈಟರ್ ನ್ಯಾಟ್‌ನ ತಮ್ಮ, ನಮ್ಮ ಬೆಂಗಳೂರಿನ ಎಚ್‌ಎಎಲ್ ಮಾಲು. ಈಗ ವಿಶ್ರಾಂತವಾಡಿಯಲ್ಲಿ ಕೂತು ಲೋಹಗಾಂವ್ ಸುಖೋಯ್ ಸದ್ದು ಕೇಳುತ್ತಾ ಚಹಾ ಕುಡಿಯುವುದೇ ಕೆಲಸ.

ಜನ ಗನ್ ಕ್ಯಾಮೆರಾ ಫಿಲ್ಮ್ ಇದ್ದರೆ ಮುಗೀತು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಆ ಕ್ಯಾಮೆರಾ ಓಡುವುದು ಟ್ರಿಗರ್ ಒತ್ತಿದಾಗ. ಬೆರಳು ಬಿಟ್ಟರೆ ಫಿಲ್ಮೂ ನಿಂತಿತು. ಇಳಿದ ಮೇಲೆ ಮ್ಯಾಗಜಿನ್ ಬಿಚ್ಚಿ ಫೋಟೊ ಸೆಕ್ಷನ್‌ಗೆ ಕೊಡುತ್ತಿದ್ದರು. ತೊಳೆದು ನೋಡಿದರೆ ಏನಿರುತ್ತದೆ? ಬೂದು ಬಣ್ಣದ ಆಕಾಶ, ನಡುಗುವ ಚಿತ್ರ, ಮಧ್ಯೆ ಗುಬ್ಬಿಯಷ್ಟು ಒಂದು ನೆರಳು, ರೆಕ್ಕೆ ಬುಡದಲ್ಲಿ ಪುಸ್ ಅಂತ ಸ್ವಲ್ಪ ಹೊಗೆ. ಆಮೇಲೆ ಏನೂ ಇಲ್ಲ. ಪೈಲಟ್ ತನ್ನ ಜೀವ ಉಳಿಸಿಕೊಳ್ಳಲು ಆಗಲೇ ತಿರುಗಿರುತ್ತಾನೆ. ವೈರಿಯ ವಿಮಾನ ನೆಲಕ್ಕೆ ಬಿದ್ದದ್ದು ಆ ಫಿಲ್ಮಿನಲ್ಲಿ ಬರುವುದು ಅಪರೂಪ. ಪೆಟ್ಟು ಬಿತ್ತು ಅನ್ನಲು ಅದು ಸಾಕ್ಷಿ. ಸತ್ತಿತು ಅನ್ನಲು ಅಲ್ಲ.

ನಮ್ಮಂಥವರ ಕೈಗೆ ಸಿಗುತ್ತಿದ್ದ ಸಾಕ್ಷಿಯೇ ಬೇರೆ. ಗುಂಡು ಎಷ್ಟು ಉಳಿದಿದೆ ಅಂತ ಗನ್ ನೋಡಿಕೊಳ್ಳುವ ಆರ್ಮರರ್ ಎಣಿಸುತ್ತಾನೆ. ತೂತು ಬಿದ್ದು ಬಂದ ವಿಮಾನವಾದರೆ ತೂತಿನ ಅಳತೆ ನೋಡುತ್ತಾರೆ. ಸೇಬರ್‌ನಲ್ಲಿ ಅರ್ಧ ಇಂಚಿನ ಆರು ಮೆಷಿನ್ ಗನ್. ನಮ್ಮ ಹಂಟರ್, ನ್ಯಾಟ್, ಮಿಸ್ಟೇರ್ ಜೆಟ್ ವಿಮಾನ ಎಲ್ಲಕ್ಕೂ 30 ಮಿಲಿಮೀಟರ್ ಕ್ಯಾನನ್. ಅರ್ಧ ಇಂಚಿನದು ಅಚ್ಚುಕಟ್ಟಾಗಿ ತೂತು ಕೊರೆಯುತ್ತದೆ. 30 ಮಿಲಿಮೀಟರ್ ಒಳಗೆ ಹೋಗಿ ಸಿಡಿದು ತಗಡನ್ನು ಹೂವಿನಂತೆ ಬಿಚ್ಚುತ್ತದೆ. ಯಾರು ಹೊಡೆದರು, ನೆಲದ ತೋಪೋ ವಿಮಾನವೋ ಅನ್ನುವುದಕ್ಕೆ ಇದೂ ಒಂದು ದಾರಿ.

ಜೈಹಿಂದ್_ಚಿಂಚವಡ

ಎಲ್ಲಾ ಸರಿ. ಆದರೆ ನಮ್ಮ ಪೈಲಟ್ ಮಾತು ನಂಬಲ್ಲ, ಪಾಕಿಸ್ತಾನದ ಕಾಗದ ನಂಬುತ್ತೀರಾ? ಅವರು ನಷ್ಟ ಮುಚ್ಚಿಡಲ್ವಾ? ಪದಕ ಬಂದಿದೆ ಅಂದ ಮೇಲೆ ಸರ್ಕಾರ ನೋಡಿಯೇ ಕೊಟ್ಟಿರುತ್ತದೆ. ಇನ್ನೇನು ತನಿಖೆ?

ಸೀರಿಯಲ್‌ನಂಬರ್_ಗಿರೀಶ

ಪ್ರಶ್ನೆ ನ್ಯಾಯವಾದದ್ದೇ. ಸರ್ಕಾರಿ ಪ್ರಕಟಣೆ ಬೇರೆ, ನಷ್ಟದ ದಾಖಲೆ ಬೇರೆ. ಯುದ್ಧದ ಸಂಜೆ ರೇಡಿಯೊದಲ್ಲಿ ಹೇಳಿದ್ದನ್ನು ನಾನೂ ನಂಬಲ್ಲ, ಅವರದ್ದಾಗಲಿ ನಮ್ಮದಾಗಲಿ. ಆದರೆ ಒಂದು ವಿಮಾನ ಹೋದರೆ ಅದರ ಸುತ್ತ ಎಷ್ಟೋ ಕಾಗದ ಹುಟ್ಟುತ್ತವೆ. ಸ್ಟೋರ್ಸ್ ಪುಸ್ತಕದಿಂದ ಅದರ ಸೀರಿಯಲ್ ತೆಗೆಯಬೇಕು. ಪೈಲಟ್ ಸತ್ತರೆ ಹೆಂಡತಿಗೆ ಪಿಂಚಣಿ ಹೋಗಬೇಕು. ಬದುಕಿದರೆ ಆಸ್ಪತ್ರೆಯ ದಾಖಲೆ, ಬಡ್ತಿ, ನಿವೃತ್ತಿ, ಆಮೇಲೆ ನೆನಪಿನ ಲೇಖನ. ಸೆರೆ ಸಿಕ್ಕರೆ ರೆಡ್‌ಕ್ರಾಸ್ ಪಟ್ಟಿ. ಒಂದು ಕಾಗದ ಮುಚ್ಚಿಡಬಹುದು, ಎಲ್ಲವನ್ನೂ ನಲವತ್ತು ಐವತ್ತು ವರ್ಷ ಮುಚ್ಚಿಡುವುದು ಕಷ್ಟ.

ಈ ಅಳತೆಗೋಲು ಇಬ್ಬರಿಗೂ ಒಂದೇ. 1965ರ ಸೆಪ್ಟೆಂಬರ್ 7ರಂದು ಅವರ ವಾಯುನೆಲೆ ಸರ್ಗೋಧಾ ಬಳಿ ಒಂದು ನಿಮಿಷದೊಳಗೆ ಐದು ಹಂಟರ್ ಉರುಳಿಸಿದೆ ಎಂಬುದು ಪಾಕಿಸ್ತಾನದ ಎಂ.ಎಂ. ಆಲಂ ಅವರ ಪ್ರಸಿದ್ಧ ಕ್ಲೇಮ್. ಅಲ್ಲಿಯವರಿಗೆ ಅದು ಶಾಲೆ ಪಾಠ. ನಮ್ಮವರು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ? ಅವತ್ತು ಹೋದ ಹಂಟರ್‌ಗಳಲ್ಲಿ ಯಾರು ವಾಪಸ್ ಬಂದರು ಎಂಬುದು ಹೆಸರು ಸಹಿತ ನಮ್ಮ ಹತ್ತಿರ ಇದೆ. ಅಂದರೆ ನಾವು ಅವರ ಕ್ಲೇಮ್ ಅಳೆಯುವುದು ನಮ್ಮ ನಷ್ಟದ ಪಟ್ಟಿಯಿಂದ. ಹಾಗಾದರೆ ನಮ್ಮ ಕ್ಲೇಮ್ ಅಳೆಯಲು ಅವರ ಪಟ್ಟಿ ಬೇಡವಾ?

ಪದಕದ ವಿಷಯ. ಪದಕ ಶೌರ್ಯಕ್ಕೆ ಕೊಡುವುದು. ಆ ಹೊತ್ತಿಗೆ ಗೊತ್ತಿದ್ದಷ್ಟರ ಮೇಲೆ ಕೊಡುತ್ತಾರೆ. 1965ರ ಸೆಪ್ಟೆಂಬರ್ 3ರಂದು ನ್ಯಾಟ್ ಹಾರಿಸಿದ ಟ್ರೆವರ್ ಕೀಲರ್ ಅವರಿಗೆ ವೀರ ಚಕ್ರ ಬಂತು. ಆ ಯುದ್ಧದಲ್ಲಿ ವಾಯುಸೇನೆಯ ಮೊದಲ ಗೆಲುವು ಎಂದು ಲೆಕ್ಕ. ಪಾಕಿಸ್ತಾನದ ಕಡೆ ನೋಡಿದರೆ ಆ ಸೇಬರ್ ಹಾರಿಸುತ್ತಿದ್ದವರು ಯೂಸುಫ್ ಅಲಿ ಖಾನ್. ಜೋರಾಗಿ ಪೆಟ್ಟು ತಿಂದ ವಿಮಾನವನ್ನು ಹೇಗೋ ಬೇಸ್‌ಗೆ ತಂದು ಇಳಿಸಿದರು. ಇದರಿಂದ ಕೀಲರ್ ಅವರ ಧೈರ್ಯಕ್ಕೆ ಏನು ಕಡಿಮೆ ಆಯಿತು? ಪುಟ್ಟ ನ್ಯಾಟ್‌ನಲ್ಲಿ ಸೇಬರ್‌ಗೆ ಎದುರು ನಿಂತು ಅದನ್ನು ಕಾಳಗದಿಂದ ಓಡಿಸಿದ್ದು ನಿಜ. ಆದರೆ ಪಟ್ಟಿಯಲ್ಲಿ ಅದು "ಹಾನಿ" ಎಂಬ ಕಾಲಂಗೆ ಹೋಗಬೇಕು, "ನಾಶ" ಎಂಬುದಕ್ಕಲ್ಲ. ಅದೇ ದಿನ ನಮ್ಮ ಇನ್ನೊಂದು ನ್ಯಾಟ್ ಪಸ್ರೂರ್ ಎಂಬ ಅವರ ಏರ್‌ಫೀಲ್ಡಿನಲ್ಲಿ ಇಳಿದು ಅವರ ವಶವಾಯಿತು. ಅದು ಇವತ್ತಿಗೂ ಕರಾಚಿಯ ಮ್ಯೂಸಿಯಂನಲ್ಲಿ ನಿಂತಿದೆ. ಇಂಥ ನಷ್ಟ ಅಲ್ಲಗಳೆಯಲು ಯಾರಿಗೂ ಆಗಲ್ಲ.

ಕೊಡಗಿಂದ_ಔಂಧ್

ಗಿರೀಶಣ್ಣ, ದೇವಯ್ಯ ಅವರ ವಿಷಯಕ್ಕೆ ಬನ್ನಿ. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತ ದಾಟಿಕೊಂಡೇ ನಾವು ಕಾಲೇಜಿಗೆ ಹೋಗಿದ್ದು. ಮನೆಯಲ್ಲಿ ಹಿರಿಯರು ಹೇಳುತ್ತಿದ್ದ ಕತೆ ಗೊತ್ತು. ಸಾಕ್ಷಿ ಎಲ್ಲಿಂದ ಬಂತು ಅಂತ ಯಾರೂ ಹೇಳಲಿಲ್ಲ.

ಸೀರಿಯಲ್‌ನಂಬರ್_ಗಿರೀಶ

ಬರುತ್ತೇನೆ. ಈ ವಿಷಯ ಕಲಿಯಲು ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ, ಯಾಕೆಂದರೆ ಇಲ್ಲಿ ಕ್ಲೇಮೇ ಇಲ್ಲ. ಕ್ಲೇಮ್ ಮಾಡಬೇಕಾದವರು ಬದುಕಿ ಬರಲಿಲ್ಲ.

1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ. ಆದಂಪುರದಿಂದ 1ನೇ ಸ್ಕ್ವಾಡ್ರನ್ನಿನ ಹನ್ನೆರಡು ಮಿಸ್ಟೇರ್‌ಗಳು ಸರ್ಗೋಧಾ ಮೇಲೆ ದಾಳಿಗೆ ಹೋಗಬೇಕು ಎಂಬ ಯೋಜನೆ. ಮುಂದಾಳು ವಿಂಗ್ ಕಮಾಂಡರ್ ಓ.ಪಿ. ತನೇಜಾ. ದೇವಯ್ಯ ಆ ಹನ್ನೆರಡರಲ್ಲಿ ಇರಲಿಲ್ಲ, ಮೀಸಲು ಪೈಲಟ್. ಯಾರಾದರೂ ಹಿಂದುಳಿದರೆ ಮಾತ್ರ ಸೇರಬೇಕು. ಹಾಗೇ ಆಯಿತು, ಅವರು ಸೇರಿಕೊಂಡರು. ದಾಳಿ ಮುಗಿಸಿ ಉಳಿದವರು ವಾಪಸ್ ಬಂದರು. ದೇವಯ್ಯ ಬರಲಿಲ್ಲ. ನಮ್ಮ ಕಡತದಲ್ಲಿ ಅವರ ಹೆಸರಿನ ಮುಂದೆ "ಕಾಣೆ" ಎಂದಷ್ಟೇ ಆಯಿತು. ತೋಪಿಗೆ ಸಿಕ್ಕಿರಬಹುದು, ಇಂಧನ ಮುಗಿದಿರಬಹುದು, ಏನು ಬೇಕಾದರೂ ಆಗಿರಬಹುದು.

ಈಗ ಬೇಲಿಯ ಆಚೆ ಹೋಗಿ. ಪಾಕಿಸ್ತಾನದ ಹತ್ತಿರ ಆಗ ಸ್ಟಾರ್‌ಫೈಟರ್, ಅಂದರೆ ಎಫ್-104, ಅಮೆರಿಕ ಕೊಟ್ಟಿದ್ದು ಹನ್ನೆರಡೇ. ಹತ್ತು ಒಂಟಿ ಸೀಟಿನವು, ಎರಡು ಜೋಡಿ ಸೀಟಿನವು. ಇಷ್ಟು ಸಣ್ಣ ಸಂಖ್ಯೆ ಇದ್ದರೆ ಒಂದು ಕಡಿಮೆಯಾದರೂ ಕಣ್ಣಿಗೆ ಹೊಡೆಯುತ್ತದೆ. ಆ ಯುದ್ಧದಲ್ಲಿ ಅವರು ಕಳೆದುಕೊಂಡ ಸ್ಟಾರ್‌ಫೈಟರ್ ಎರಡು. ಒಂದು ಸೆಪ್ಟೆಂಬರ್ 17ರಂದು ಪೇಶಾವರದಲ್ಲಿ, ಧೂಳಿನ ಬಿರುಗಾಳಿಯಲ್ಲಿ ಇಳಿಯುವಾಗ ಅಪಘಾತ, ಪೈಲಟ್ ಅಬ್ಬಾಸಿ ಬದುಕಿದರು. ಇನ್ನೊಂದು ಸೆಪ್ಟೆಂಬರ್ 7ರಂದು, ಸರ್ಗೋಧಾ ಕಡೆ, ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್, ಇಜೆಕ್ಟ್ ಆಗಿ ಬದುಕಿದರು.

ಮೊದಲನೆಯದನ್ನು ಪಟ್ಟಿಯಿಂದ ತೆಗೆದುಬಿಡಿ, ಅದು ಹವಾಮಾನದ ಪಾಲು. ಉಳಿದದ್ದು ಒಂದು. ದಿನ ಅದೇ, ಜಾಗ ಅದೇ, ಮಿಸ್ಟೇರ್ ದಾಳಿಯ ಹೊತ್ತೂ ಅದೇ. ವಾಪಸ್ ಬಂದ ನಮ್ಮ ಪೈಲಟ್‌ಗಳಲ್ಲಿ ಯಾರೂ ಸ್ಟಾರ್‌ಫೈಟರ್ ಉರುಳಿಸಿದೆ ಎಂದಿಲ್ಲ. ಹಾಗಾದರೆ ಅದನ್ನು ಹೊಡೆದವರು ವಾಪಸ್ ಬಾರದವರು.

ಇದನ್ನೆಲ್ಲ ಜೋಡಿಸಲು ಬೇಕಾದ ಮಾಹಿತಿ ನಮ್ಮವರಿಗೆ ಸಿಕ್ಕಿದ್ದು 1979ರಲ್ಲಿ. ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ವಾಯುಸೇನೆಯ ಕಡೆಯಿಂದ ಮಾಹಿತಿ ಪಡೆದು ಆ ಯುದ್ಧದ ಬಗ್ಗೆ ಪುಸ್ತಕ ಪ್ರಕಟಿಸಿದರು. ಅಮ್ಜದ್ ಹುಸೇನ್ ಹೊಡೆತಕ್ಕೆ ಸಿಕ್ಕ ಒಂದು ಮಿಸ್ಟೇರ್ ಓಡಿಹೋಗದೆ ತಿರುಗಿಬಿದ್ದು, ಧ್ವನಿಯ ಎರಡು ಪಟ್ಟು ವೇಗ ಹೋಗಬಲ್ಲ ಸ್ಟಾರ್‌ಫೈಟರನ್ನು ಕೆಡವಿತು ಎಂಬ ಸಂಗತಿ ಅಲ್ಲಿಂದ ಹೊರಬಂತು. ತನೇಜಾ ಅವರು ಅದನ್ನು ಹಿಡಿದು ಸರ್ಕಾರಕ್ಕೆ ಬರೆದರು. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಬಂತು.

ಒಂದು ಉಪಕತೆ. ಅದೇ ಅಮ್ಜದ್ ಹುಸೇನ್ 1971ರ ಡಿಸೆಂಬರ್‌ನಲ್ಲಿ ಅಮೃತಸರದ ಮೇಲೆ ದಾಳಿಗೆ ಬಂದು, ನಮ್ಮ ವಿಮಾನ ನಿರೋಧಕ ತೋಪಿಗೆ ಸಿಕ್ಕಿ, ಸೆರೆಯಾದರು. ಅಂದರೆ ದೇವಯ್ಯ ಅವರ ಕೊನೆಯ ಕಾಳಗ ಕಣ್ಣಾರೆ ಕಂಡ ಏಕೈಕ ಮನುಷ್ಯ ನಮ್ಮ ಕೈಯಲ್ಲೇ ಇದ್ದ. ಕತೆ ಹೊರಬರಲು ಇನ್ನೂ ಎಂಟು ವರ್ಷ ಬೇಕಾಯಿತು.

ಕೊಡಗಿಂದ_ಔಂಧ್

ಇದನ್ನು ಊರಿಗೆ ಕಳಿಸುತ್ತೇನೆ ಅಣ್ಣ. ಅಮ್ಜದ್ ಸೆರೆಯಾಗಿದ್ದ ವಿಷಯ ನಮ್ಮ ಮಾವಂದಿರಿಗೂ ಗೊತ್ತಿರಲಿಕ್ಕಿಲ್ಲ.

ಜೈಹಿಂದ್_ಚಿಂಚವಡ

ಅಂದರೆ ಅವರ ಕಾಗದ ಇಲ್ಲದಿದ್ದರೆ ನಮ್ಮ ಮಹಾವೀರ ಚಕ್ರವೇ ಇಲ್ಲ! ಸರಿ ಹಾಗಾದರೆ ಬೋಯ್ರಾ ಲೆಕ್ಕ ಬಿಡಿಸಿ. ಮೂರೋ ಎರಡೋ?

ಹಳೇ_ಫಿಟ್ಟರ್

ಅದನ್ನು ನಾನು ಹೇಳುತ್ತೇನೆ, ನ್ಯಾಟ್ ವಿಷಯ ನನಗೆ ಬಿಡಿ.

1971ರ ನವೆಂಬರ್ 22. ಯುದ್ಧ ಇನ್ನೂ ಅಧಿಕೃತವಾಗಿ ಶುರುವಾಗಿಲ್ಲ, ಅದು ಡಿಸೆಂಬರ್ 3ಕ್ಕೆ. ದಮ್‌ದಮ್‌ನಿಂದ 22ನೇ ಸ್ಕ್ವಾಡ್ರನ್ನಿನ ನಾಲ್ಕು ನ್ಯಾಟ್ ಎದ್ದವು. ಮ್ಯಾಸಿ, ಸೋರೆಸ್, ಗಣಪತಿ, ಲಾಜರಸ್. ರೇಡಾರ್‌ನಲ್ಲಿ ಕೂತು ದಾರಿ ತೋರಿಸಿದವರು ಫ್ಲೈಯಿಂಗ್ ಆಫೀಸರ್ ಬಾಗ್ಚಿ. ಬೋಯ್ರಾ ಮೇಲೆ ಸೇಬರ್‌ಗಳು ಸಿಕ್ಕವು. ಗುರಿ ಹೊಡೆದೆ ಅನ್ನುವುದಕ್ಕೆ ಆಗ ಸಂಕೇತ "ಮರ್ಡರ್". ಗಣಪತಿ ರೇಡಿಯೊದಲ್ಲಿ ಅದನ್ನೇ ಮೂರು ಸಲ ಕೂಗಿದರು. ಇಳಿದ ಮೇಲೆ ಕ್ಲೇಮ್ ಮೂರು ಸೇಬರ್.

ಆಚೆ ಕಡೆ ಏನಾಯಿತು? ಇಬ್ಬರು ಪೈಲಟ್ ಪ್ಯಾರಾಚೂಟ್‌ನಲ್ಲಿ ನಮ್ಮ ಸೈನಿಕರ ಮಧ್ಯೆಯೇ ಇಳಿದರು. ಪರ್ವೇಜ್ ಮೆಹದಿ ಖುರೇಷಿ ಮತ್ತು ಖಲೀಲ್ ಅಹ್ಮದ್. ಖುರೇಷಿ ಮುಂದೆ 1997ರಲ್ಲಿ ಪಾಕಿಸ್ತಾನದ ವಾಯುಸೇನೆಯ ಮುಖ್ಯಸ್ಥರೇ ಆದರು. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಾ? ಮೂರನೆಯದು, ಮ್ಯಾಸಿ ಹೊಡೆದದ್ದು, ವಿಂಗ್ ಕಮಾಂಡರ್ ಚೌಧರಿ ಅವರದ್ದು. ಪೆಟ್ಟು ತಿಂದು ಢಾಕಾದ ತೇಜಗಾಂವ್‌ಗೆ ವಾಪಸ್ ಹೋಗಿ ಇಳಿಯಿತು. ಹಾಗಾಗಿ ಎರಡು ನಾಶ, ಒಂದು ಹಾನಿ. ಅವರೂ ನ್ಯಾಟ್ ಕೆಡವಿದ್ದೇವೆ ಅಂದಿದ್ದರು. ನಾಲ್ಕೂ ನ್ಯಾಟ್ ಮನೆಗೆ ಬಂದಿದ್ದವು.

ಗಣಪತಿ, ಮ್ಯಾಸಿ, ಲಾಜರಸ್ ಮೂವರಿಗೂ ವೀರ ಚಕ್ರ. ನಾಲ್ಕನೆಯ ಸೋರೆಸ್ ಗುಂಡು ಹೊಡೆಯಲಿಲ್ಲ ಅಂತ ಅವರ ಹೆಸರನ್ನು ಜನ ಬಿಟ್ಟುಬಿಡುತ್ತಾರೆ. ವಿದ್ಯಾ ತಂಗಿ, ನೀನು ಬಿಡಬೇಡ. ಬೆನ್ನು ಕಾಯುವವನಿಲ್ಲದೆ ಮುಂದಿನವನು ಗುರಿ ಇಡಲಾರ.

ವಿದ್ಯಾ_ಕೋಥ್ರೂಡ್

ಬಿಡಲ್ಲ ಕಾಕಾ. ಒಂದು ಗೊಂದಲ. ಬೋಯ್ರಾ ಕಾಳಗದ ಹೊತ್ತು ಒಂದು ಕಡೆ ಒಂದು, ಇನ್ನೊಂದು ಕಡೆ ಅರ್ಧ ಗಂಟೆ ಮುಂದೆ ಇದೆ. ಎರಡು ಬೇರೆ ಕಾಳಗವೇ?

ಸೀರಿಯಲ್‌ನಂಬರ್_ಗಿರೀಶ

ಒಂದೇ. ಗಡಿಯಾರ ಬೇರೆ. ಪೂರ್ವ ಪಾಕಿಸ್ತಾನದ ಸಮಯ ನಮಗಿಂತ ಅರ್ಧ ಗಂಟೆ ಮುಂದೆ, ಪಶ್ಚಿಮದ್ದು ಅರ್ಧ ಗಂಟೆ ಹಿಂದೆ. ಸರ್ಗೋಧಾ ಲೆಕ್ಕ ನೋಡುವಾಗ ಅರ್ಧ ಗಂಟೆ ಕೂಡಿಸಿ, ಢಾಕಾ ಲೆಕ್ಕಕ್ಕೆ ಅರ್ಧ ಗಂಟೆ ಕಳೆಯಿರಿ. ಇದನ್ನು ಮರೆತು ಒಂದೇ ವಿಮಾನವನ್ನು ಎರಡು ಸಲ ಎಣಿಸಿದವರನ್ನು ನೋಡಿದ್ದೇನೆ. ಜೆಟ್ ಕಾಳಗ ಮುಗಿಯುವುದೇ ಎರಡು ಮೂರು ನಿಮಿಷದಲ್ಲಿ. ಅಲ್ಲಿ ಅರ್ಧ ಗಂಟೆ ಅಂದರೆ ಇನ್ನೊಂದು ಯುಗ.

ಊರ ಹೆಸರೂ ಹಾಗೇ. ಅದೇ ಕಾಳಗಕ್ಕೆ ನಮ್ಮವರು ಬೋಯ್ರಾ ಅನ್ನುತ್ತಾರೆ, ನೆಲದ ಸೈನಿಕರ ಕಡತದಲ್ಲಿ ಗರೀಬ್‌ಪುರ ಬರುತ್ತದೆ. ನಕ್ಷೆ ಪಕ್ಕದಲ್ಲಿ ಇಟ್ಟುಕೊಂಡೇ ಕೂರಬೇಕು.

ಮಾಟುಂಗಾ_ಭಟ್ರು

ಮಾರಾಯ್ರೇ, ಮುಂಬೈಯಿಂದ ಒಂದು ಮಾತು. ಟೌನ್‌ಹಾಲ್‌ನ ಏಷ್ಯಾಟಿಕ್ ಲೈಬ್ರರಿಯಲ್ಲಿ ಹಳೇ ಪತ್ರಿಕೆ ನೋಡುವ ಚಟ ನನಗೆ. ವಿದ್ಯಾ ಅವರು ಬರುವುದಾದರೆ ಡೆಕ್ಕನ್ ಕ್ವೀನ್ ಹಿಡಿದು ಬನ್ನಿ, ಸಂಜೆ ಅದರಲ್ಲೇ ವಾಪಸ್ ಹೋಗಬಹುದು. ಆದರೆ 1965ರ ಸೆಪ್ಟೆಂಬರ್ ಪತ್ರಿಕೆಯಲ್ಲಿ ಸಿಗುವುದು ಕ್ಲೇಮ್ ಮಾತ್ರ. ಇಂದು ಇಷ್ಟು ಉರುಳಿಸಿದೆವು ಅಂತ ದಪ್ಪ ಅಕ್ಷರ, ಪಕ್ಕದಲ್ಲೇ ರೇಡಿಯೊ ಪಾಕಿಸ್ತಾನ ಹೀಗೆ ಸುಳ್ಳು ಹೇಳಿತು ಅಂತ ಸಣ್ಣ ಅಕ್ಷರ. ಮೂಡು ಗೊತ್ತಾಗಲು ಚೆನ್ನ, ಲೆಕ್ಕಕ್ಕೆ ಬೇಡ. ಪದಕದ ಪ್ರಶಸ್ತಿ ಪಾಠಕ್ಕೆ ಭಾರತದ ಗೆಜೆಟ್ ನೋಡಿ, ಇಲ್ಲವೇ ಸರ್ಕಾರದ ಶೌರ್ಯ ಪ್ರಶಸ್ತಿಗಳ ಪೋರ್ಟಲ್ ನೋಡಿ. ಮನೆಯಲ್ಲೇ ಕೂತು ಓದಬಹುದು.

ಅಂದ ಹಾಗೆ ಮೊದಲನೇ ಮಹಾಯುದ್ಧದ ಇಂದ್ರಲಾಲ್ ರಾಯ್ ಬಗ್ಗೆ ಯಾರೂ ಮಾತಾಡಲಿಲ್ಲ. ಕಲ್ಕತ್ತಾದ ಹುಡುಗ, 1918ರ ಜುಲೈ 6ರಿಂದ 19ರೊಳಗೆ ಹತ್ತು ಗೆಲುವು. 22ಕ್ಕೆ ಅವನೇ ಇಲ್ಲ, ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಆ ಹತ್ತನ್ನು ಹೀಗೆ ತಾಳೆ ಮಾಡಿದ್ದಾರಾ?

ಸೀರಿಯಲ್‌ನಂಬರ್_ಗಿರೀಶ

ಭಟ್ರೇ, ಅಲ್ಲಿ ಕೈ ಕಟ್ಟಿಹೋಗುತ್ತದೆ. ರಾಯ್ 40ನೇ ಸ್ಕ್ವಾಡ್ರನ್ನಿನಲ್ಲಿ ಎಸ್‌ಇ5ಎ ವಿಮಾನ ಹಾರಿಸುತ್ತಿದ್ದರು. ಜುಲೈ 8ರಂದು ಕೆಲವೇ ಗಂಟೆಗಳಲ್ಲಿ ಮೂರು. ಆದರೆ ಬ್ರಿಟಿಷರ ಆಗಿನ ಪದ್ಧತಿಯಲ್ಲಿ "ಹತೋಟಿ ತಪ್ಪಿ ಕೆಳಗೆ ಹೋಯಿತು" ಎಂಬುದೂ ಗೆಲುವೇ. ಆ ಹತ್ತರಲ್ಲಿ ಅರ್ಧದಷ್ಟು ಅಂಥವು. ಕಾಳಗ ಬಹುತೇಕ ಜರ್ಮನ್ ಕಡೆಯ ನೆಲದ ಮೇಲೆ, ಅವಶೇಷ ಹೋಗಿ ನೋಡುವಂತಿಲ್ಲ. ಜರ್ಮನ್ ನಷ್ಟದ ಕಡತ ನೋಡೋಣ ಅಂದರೆ, ಪೋಟ್ಸ್‌ಡಾಮ್‌ನಲ್ಲಿದ್ದ ಪ್ರಷ್ಯನ್ ಸೇನೆಯ ದಾಖಲೆ ಭಂಡಾರ 1945ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಬಾಂಬಿಗೇ ಸುಟ್ಟುಹೋಯಿತು. ಬ್ರಿಟಿಷ್ ಪೈಲಟ್‌ಗಳ ಗೆಲುವಿನ ಸಾಕ್ಷಿಯನ್ನು ಬ್ರಿಟಿಷ್ ವಿಮಾನಗಳೇ ಸುಟ್ಟವು ನೋಡಿ.

ಅದೇ ಉಲ್ಟಾ ಹೋದರೆ ಸಲೀಸು. ಜರ್ಮನ್ ಪೈಲಟ್ ರಿಕ್ಟೋಫೆನ್‌ನ 80 ಗೆಲುವುಗಳಲ್ಲಿ ಬಹುಪಾಲಿಗೆ ಬ್ರಿಟಿಷ್ ವಿಮಾನದ ಸೀರಿಯಲ್ ಮತ್ತು ಸತ್ತವರ ಹೆಸರು ಸಿಗುತ್ತದೆ, ಯಾಕೆಂದರೆ ಬ್ರಿಟಿಷ್ ಕಡತ ಲಂಡನ್ನಿನ ಕ್ಯೂ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಉಳಿದಿವೆ. ಇಬ್ಬರ ಸಂಖ್ಯೆಯನ್ನು ಪಕ್ಕಪಕ್ಕ ಇಟ್ಟು ಯಾರು ದೊಡ್ಡವ ಅನ್ನುವವರು ಇದನ್ನು ಯೋಚಿಸುವುದೇ ಇಲ್ಲ.

ಬೆಳಗಾವಿ_ಹಡಪ್ಸರ್

ನನ್ನದೂ ಒಂದು ಪ್ರಶ್ನೆ ರೀ. ನಮ್ಮ ಅಜ್ಜ ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಭಾರತೀಯ ವಾಯುಸೇನೆಯ ಹರಿಕೇನ್ ಸ್ಕ್ವಾಡ್ರನ್ನಿನಲ್ಲಿ ಮೆಕ್ಯಾನಿಕ್. "ನಮ್ಮವರು ಜಪಾನಿ ವಿಮಾನ ರಗಡ್ ಕೆಡವಿದರು" ಅಂತ ಹೇಳುತ್ತಿದ್ದರಂತೆ. ಮನೆಯಲ್ಲಿ ಒಂದು ಗ್ರೂಪ್ ಫೋಟೊ ಬಿಟ್ಟರೆ ಏನೂ ಇಲ್ಲ.

ಸೀರಿಯಲ್‌ನಂಬರ್_ಗಿರೀಶ

ಫೋಟೊದ ಹಿಂಭಾಗ ಮೊದಲು ಸ್ಕ್ಯಾನ್ ಮಾಡಿಸಿ. ಸ್ಕ್ವಾಡ್ರನ್ ನಂಬರ್ ಸಿಕ್ಕರೆ ಅರ್ಧ ಕೆಲಸ ಆಯಿತು. ಆ ಕಾಲದ ಪ್ರತಿ ಸ್ಕ್ವಾಡ್ರನ್ ದಿನಚರಿ ಬರೆಯಬೇಕಿತ್ತು. ಫಾರ್ಮ್ 540ರಲ್ಲಿ ದಿನದ ಸಾರ, 541ರಲ್ಲಿ ಯಾವ ಪೈಲಟ್ ಯಾವ ಸೀರಿಯಲ್ ವಿಮಾನದಲ್ಲಿ ಎಷ್ಟು ಹೊತ್ತಿಗೆ ಎದ್ದ, ಎಷ್ಟು ಹೊತ್ತಿಗೆ ಇಳಿದ. ಕ್ಯೂ ಭಂಡಾರದಲ್ಲಿ ಏರ್ 27 ಎಂಬ ಸಾಲಿನಲ್ಲಿ ಅವು ಇವೆ.

ಅಜ್ಜನ ಮಾತಿನ ಬಗ್ಗೆ ನೇರವಾಗಿ ಹೇಳುತ್ತೇನೆ. ಹರಿಕೇನ್ ಸ್ಕ್ವಾಡ್ರನ್‌ಗಳ ಮುಖ್ಯ ಕೆಲಸ ಶತ್ರುವಿನ ನೆಲೆಯ ಫೋಟೊ ತೆಗೆಯುವುದು, ಸೇನೆಗೆ ದಾರಿ ತೋರಿಸುವುದು, ನೆಲದ ಮೇಲೆ ದಾಳಿ. ಆ ಯುದ್ಧದಲ್ಲಿ ಭಾರತೀಯ ವಾಯುಸೇನೆಯ ಖಾತ್ರಿಯಾದ ಗೆಲುವು ಎಂದು ಹೇಳುವುದು ಒಂದೇ. 1944ರ ಫೆಬ್ರವರಿ 15ರಂದು 6ನೇ ಸ್ಕ್ವಾಡ್ರನ್ನಿನ ಜೆ.ಸಿ. ವರ್ಮಾ ಕೆಡವಿದ ಆಸ್ಕರ್ ಎಂಬ ಜಪಾನಿ ಫೈಟರ್. ಅಜ್ಜ ಹೇಳಿದ್ದು ಅಕ್ಕಪಕ್ಕದ ಬ್ರಿಟಿಷ್ ಸ್ಪಿಟ್‌ಫೈರ್‌ಗಳ ವಿಷಯ ಇರಬಹುದು. ಒಂದೇ ಏರ್‌ಸ್ಟ್ರಿಪ್‌ನಲ್ಲಿ ಇದ್ದವರಿಗೆ ಎಲ್ಲರೂ "ನಮ್ಮವರೇ" ಅಲ್ವಾ.

ಜಪಾನಿನ ಕಡೆಯಿಂದ ತಾಳೆ ಮಾಡುವುದು ಕಷ್ಟ. 1945ರ ಆಗಸ್ಟ್‌ನಲ್ಲಿ ಶರಣಾಗುವ ಮುನ್ನ ಸೇನೆಯ ಕಡತಗಳನ್ನು ರಾಶಿ ರಾಶಿ ಸುಟ್ಟರು. ನೌಕಾಪಡೆಯ ವಿಮಾನ ದಳಗಳ ಹಾರಾಟದ ಪುಸ್ತಕ ಸಾಕಷ್ಟು ಉಳಿದಿವೆ, ಆದರೆ ಬರ್ಮಾದಲ್ಲಿ ಹೆಚ್ಚಾಗಿ ಇದ್ದದ್ದು ಸೇನೆಯ ವಿಮಾನಗಳು.

ಹಳೇ_ಫಿಟ್ಟರ್

ಬೆಳಗಾವಿಯವರೇ, ಮೆಕ್ಯಾನಿಕ್ ಅಜ್ಜನ ಹೆಸರು 541ರಲ್ಲಿ ಸಿಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಹೆಸರು ಯಾವ ಪುಸ್ತಕದಲ್ಲೂ ಬರುವುದಿಲ್ಲ. ಅಜ್ಜ ಸಹಿ ಹಾಕಿದ ವಿಮಾನ ಎದ್ದ ಹೊತ್ತು, ಇಳಿದ ಹೊತ್ತು ಅಲ್ಲಿ ಇರುತ್ತದೆ. ಅದನ್ನೇ ಓದಿಕೊಳ್ಳಿ.

ಬೋಗ್ಮಾಳೋ_ಕಾರವಾರ

ಗೋವಾದಿಂದ ನಮಸ್ಕಾರ. ಎಲ್ಲರೂ ವಾಯುಸೇನೆ ಅಂತೀರಿ, ನೌಕಾಪಡೆ ಮರೆತಿರಿ. ನಮ್ಮ ಬೋಗ್ಮಾಳೋದ ನೌಕಾ ವಾಯುಯಾನ ಮ್ಯೂಸಿಯಂನಲ್ಲಿ ಒಂದು ಅಲೀಝೆ ನಿಂತಿದೆ. ಪ್ರೊಪೆಲರ್ ಇರುವ, ಸಬ್‌ಮರೀನ್ ಹುಡುಕುವ ವಿಮಾನ. ಮಕ್ಕಳೆಲ್ಲ ಅದನ್ನು ಬಿಟ್ಟು ದೊಡ್ಡ ಸೂಪರ್ ಕಾನ್‌ಸ್ಟೆಲೇಶನ್ ಒಳಗೆ ಹತ್ತಲು ಓಡುತ್ತಾರೆ. 1971ರ ಡಿಸೆಂಬರ್ 10ರಂದು ಇಂಥದ್ದೇ ಒಂದು ಅಲೀಝೆ ವಾಪಸ್ ಬರಲಿಲ್ಲ. ಲೆಫ್ಟಿನೆಂಟ್ ಕಮಾಂಡರ್ ಅಶೋಕ್ ರಾಯ್, ಲೆಫ್ಟಿನೆಂಟ್ ಸಿರೋಹಿ, ಜೊತೆಗೆ ವಿಜಯನ್. ಪಾಕಿಸ್ತಾನದ ಸ್ಟಾರ್‌ಫೈಟರ್ ಪೈಲಟ್ ಆರಿಫ್ ಇಕ್ಬಾಲ್ ಅವರ ಕ್ಲೇಮ್ ಅದೇ ದಿನದ್ದು. ಇದು ಎರಡೂ ಕಡೆ ಕೂಡಿ ಬರುತ್ತದೆ, ನಮ್ಮ ಕಡೆ ಯಾರೂ ವಾದ ಮಾಡುವುದಿಲ್ಲ.

ಗಿರೀಶ್ ಹೇಳಿದ ಅಳತೆಗೋಲು ಹೀಗೂ ಕೆಲಸ ಮಾಡುತ್ತದೆ ಅಂತ ಹೇಳಿದೆ. ಗೆದ್ದವನ ಪಟ್ಟಿಯಲ್ಲಿ ಅದು ಒಂದು ಅಂಕಿ. ನಮ್ಮ ಪಟ್ಟಿಯಲ್ಲಿ ಮೂರು ಮನೆ.

ಜೈಹಿಂದ್_ಚಿಂಚವಡ

ನಮ್ಮದೇ ಕಡತ ತೆಗೆಸೋಕೆ ದಾರಿ ಇದೆಯಾ? ಆರ್‌ಟಿಐ ಹಾಕಿದರೆ?

ಸೀರಿಯಲ್‌ನಂಬರ್_ಗಿರೀಶ

ಹಾಕಬಹುದು. "1965ರ ಎಲ್ಲ ನಷ್ಟದ ವಿವರ ಕೊಡಿ" ಅಂತ ಕೇಳಿದರೆ ಭದ್ರತೆಯ ಕಾರಣ ಅಂತ ಒಂದು ಸಾಲು ಬರುವುದೇ ಜಾಸ್ತಿ. ಒಂದು ದಿನ, ಒಂದು ಸ್ಕ್ವಾಡ್ರನ್, ಒಂದು ಸೀರಿಯಲ್ ಹಿಡಿದು ಕೇಳಿ. 2021ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯ ಒಂದು ನೀತಿ ಮಾಡಿದೆ. ಯುದ್ಧದ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷದೊಳಗೆ ಬಹಿರಂಗ ಮಾಡಬೇಕು ಅಂತ. ಅರ್ಜಿಯಲ್ಲಿ ಅದನ್ನು ಉಲ್ಲೇಖಿಸಿ.

ವಿದ್ಯಾ_ಕೋಥ್ರೂಡ್

ಎಲ್ಲರಿಗೂ ದೊಡ್ಡ ನಮಸ್ಕಾರ. ಪುಟದ ಕೆಳಗೆ ಒಂದು ಸಣ್ಣ ಪಟ್ಟಿ ಹಾಕುತ್ತೇನೆ. ದಿನ, ಜಾಗ, ನಮ್ಮ ಪೈಲಟ್, ಎದುರಿನ ವಿಮಾನ, ಎದುರಿನ ಪೈಲಟ್ ಮತ್ತು ಅವರು ಏನಾದರು. ದೇವಯ್ಯ ಅವರ ಸಾಲು ಪೂರ್ತಿ ತುಂಬಿದೆ. ಗಣಪತಿ ಅವರ ಸಾಲಿನಲ್ಲಿ ಸಿಕ್ಕಿಕೊಂಡೆ. ಖುರೇಷಿ ಎಂದು ಹಾಕಲಾ, ಖಲೀಲ್ ಎಂದು ಹಾಕಲಾ?

ಹಳೇ_ಫಿಟ್ಟರ್

ಎರಡೂ ಹಾಕು ತಂಗಿ, ಈ ಕಡೆ ಗಣಪತಿ ಮತ್ತು ಲಾಜರಸ್ ಇಬ್ಬರನ್ನೂ ಒಂದೇ ಸಾಲಿನಲ್ಲಿ ಹಾಕು. ಅವರು ಜೋಡಿಯಾಗಿ ಹಾರಿದವರು, ಎರಡು ಸೇಬರ್ ಆ ಜೋಡಿಯ ಲೆಕ್ಕ. ಮ್ಯಾಸಿ ಹೆಸರಿನ ಮುಂದೆ "ಹಾನಿ, ತೇಜಗಾಂವ್‌ಗೆ ವಾಪಸ್" ಅಂತ ಬರೆ. ಊಟದ ಸಾಲಿನಲ್ಲಿ ಯಾರಾದರೂ ಹಿಡಿದು ಕೇಳಿದರೆ ನನ್ನ ಹತ್ತಿರ ಕಳಿಸು.

ಬೋಗ್ಮಾಳೋ_ಕಾರವಾರ

ಅಲೀಝೆಯ ಫೋಟೊ ಬೇಕಿದ್ದರೆ ಈ ವಾರ ತೆಗೆದು ಕಳಿಸುತ್ತೇನೆ. ಮೂರೂ ಹೆಸರು ಫೋಟೊ ಕೆಳಗೆ ಬರಲಿ.

ವಿದ್ಯಾ_ಕೋಥ್ರೂಡ್

ಖಂಡಿತ ಬೇಕು. ದೊಡ್ಡ ಸೈಜಿನದೇ ಕಳಿಸಿ, ವಾಟ್ಸಾಪ್‌ನಲ್ಲಿ ಬೇಡ, ಕುಗ್ಗಿಬಿಡುತ್ತದೆ. ಪ್ರೆಸ್ಸಿನವರು ಅದಕ್ಕೇ ಜಗಳ ಮಾಡುತ್ತಾರೆ.